ಮಂಡಿ ಬಗ್ಗದ ಮೂವತ್ತೆಂಟು ಜನಕ್ಕೆ ತಟ್ಟಡವು ಕಲಿಸುವುದು ಹೇಗೆ?

ಪ್ರಶ್ನೆ: ನಾನು ಭರತನಾಟ್ಯದಲ್ಲಿ ವಿದ್ವತ್ ಪರೀಕ್ಷೆ ಮುಗಿಸಿದ್ದೇನೆ. ಎಂಟು ವರ್ಷದಿಂದ ಮನೆಯಲ್ಲೇ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಈ ವರ್ಷ ನಮ್ಮೂರಿನ ಪದವಿ ಕಾಲೇಜಿನವರು ಮೊದಲ ವರ್ಷದವರಿಗೆ ನೃತ್ಯವನ್ನು ಆಯ್ಕೆ ವಿಷಯವಾಗಿ ಕಲಿಸಲು ಕರೆದಿದ್ದಾರೆ. 38 ವಿದ್ಯಾರ್ಥಿಗಳು, ಅದರಲ್ಲಿ 11 ಹುಡುಗರು. ಯಾರೂ ಮೊದಲು ಕಲಿತವರಲ್ಲ. ವಾರಕ್ಕೆ ಎರಡು ಗಂಟೆ, ಒಟ್ಟು 14 ವಾರ. ಎರಡು ತರಗತಿ ಆಗಿದೆ. ಅರೆಮಂಡಿ, ಅಂದರೆ ಪಾದ ಪಕ್ಕಕ್ಕೆ ತಿರುಗಿಸಿ ಮಂಡಿ ಅರ್ಧ ಬಗ್ಗಿಸಿ ನಿಲ್ಲುವ ಭಂಗಿ, ಒಬ್ಬರಿಗೂ ಬರುತ್ತಿಲ್ಲ. ನಾಲ್ಕೈದು ಜನ ಮಂಡಿ ನೋವು ಅನ್ನುತ್ತಾರೆ. ಹುಡುಗರು ಹಿಂದಿನ ಸಾಲಿನಲ್ಲಿ ನಿಂತು ನಗುತ್ತಾರೆ. ಪ್ರಿನ್ಸಿಪಾಲರಿಗೆ ಕಾಲೇಜ್ ಡೇಗೆ ಒಂದು ಐಟಂ ಬೇಕಂತೆ. ಎಲ್ಲಿಂದ ಶುರು ಮಾಡಲಿ, ಏನನ್ನು ಬಿಡಲಿ?

ಉತ್ತರ: ಬಿಡುವುದರಿಂದಲೇ ಶುರು ಮಾಡೋಣ, ಮೇಡಂ.

ನಿಮ್ಮ ಕೈಯಲ್ಲಿರುವುದು 28 ಗಂಟೆ. ಎರಡು ತರಗತಿ ಕಳೆದಿದೆ, ಈಗ 24. ಪರೀಕ್ಷೆ, ಹಬ್ಬ, ಯಾವುದೋ ಸೆಮಿನಾರಿಗೆ ಹಾಲ್ ಕೊಟ್ಟ ದಿನ ಎಲ್ಲ ತೆಗೆದರೆ 20 ಉಳಿದರೆ ಪುಣ್ಯ. ನಿಮ್ಮ ಮನೆಗೆ ಬರುವ ಏಳು ವರ್ಷದ ಮಗು ವಾರಕ್ಕೆ ಎರಡು ದಿನ ಬಂದು, ಅಡವುಗಳನ್ನೇ (ನೃತ್ಯದ ಮೂಲ ಹೆಜ್ಜೆಗಳನ್ನೇ) ಒಂದೂವರೆ ಎರಡು ವರ್ಷ ಮಾಡುತ್ತದೆ, ಅಲ್ವಾ? ಅದನ್ನು 20 ಗಂಟೆಗೆ ಹಿಂಡಿ ತುಂಬಲು ಹೋಗಬೇಡಿ. ಕಛೇರಿಯ ಮೊದಲ ನೃತ್ಯವಾದ ಅಲರಿಪು ಬಿಡಿ. 28 ಅಸಂಯುತ ಹಸ್ತಗಳ (ಒಂದೇ ಕೈಯ ಮುದ್ರೆಗಳ) ಪೂರ್ತಿ ಪಟ್ಟಿ ಬಿಡಿ. ಗೆಜ್ಜೆ ಅಂತೂ ಬೇಡವೇ ಬೇಡ. ಮೂರನೇ ವಾರಕ್ಕೇ ಯಾರಾದರೂ "ಮೇಡಂ, ಗೆಜ್ಜೆ ಯಾವಾಗ?" ಅಂತ ಕೇಳಿಯೇ ಕೇಳುತ್ತಾರೆ. ಗೆಜ್ಜೆ ಕಟ್ಟಿದರೆ ಯಾರ ಕಾಲು ತಡವಾಗಿ ಬಿತ್ತು ಅಂತ ನಿಮಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ ಅಂತ ಹೇಳಿ.

ಇಟ್ಟುಕೊಳ್ಳಬೇಕಾದ್ದು ಇಷ್ಟು: ನೇರವಾಗಿ ನಿಲ್ಲುವುದು, ತಾಳ ಹಾಕುವುದು, ಮೂರು ಬಗೆಯ ಅಡವು, ಎಂಟು ಹಸ್ತ, ಕೊನೆಗೆ ಎರಡು ನಿಮಿಷದ ಒಂದು ಕಥೆ. ಇದೇ ಜಾಸ್ತಿ.

ಮಕ್ಕಳಿಗೆ ಕಲಿಸಿ ಅಭ್ಯಾಸವಾದವರು ಕಾಲೇಜಿಗೆ ಹೋದಾಗ ಮೊದಲು ಎಡವುವುದು ಒಂದೇ ಜಾಗದಲ್ಲಿ. ಏಳು ವರ್ಷದ ಮಗು ನಿಮ್ಮನ್ನು ನೋಡಿ ಹಾಗೇ ಮಾಡುತ್ತದೆ. ಯಾಕೆ ಅಂತ ಕೇಳಲ್ಲ. ತಪ್ಪಾದರೆ ನಾಚಿಕೊಳ್ಳಲ್ಲ. ಹದಿನೆಂಟರವರು ಹಾಗಲ್ಲ. ಹೇಳಿದ್ದು ಒಂದೇ ಸಲಕ್ಕೆ ಅರ್ಥವಾಗುತ್ತದೆ, ಲೆಕ್ಕ ಫಟ್ ಅಂತ ಹಿಡಿಯುತ್ತಾರೆ. ಆದರೆ ಮೈ ಕೇಳಲ್ಲ. ಹನ್ನೆರಡು ವರ್ಷ ಬೆಂಚಿನ ಮೇಲೆ ಕೂತ ಮೈ ಅದು. ತಲೆ ಮೂರನೇ ಕಾಲದಲ್ಲಿ (ಎಲ್ಲಕ್ಕಿಂತ ಜೋರಾದ ವೇಗದಲ್ಲಿ) ಓಡುತ್ತಿರುತ್ತದೆ, ಮಂಡಿ ಇನ್ನೂ ಮೊದಲನೇ ಕಾಲಕ್ಕೂ ಬಂದಿರಲ್ಲ. ತಮಗೆ ಬರುತ್ತಿಲ್ಲ ಅನ್ನುವುದು ಅವರಿಗೇ ಚೆನ್ನಾಗಿ ಕಾಣಿಸುತ್ತದೆ, ಅದಕ್ಕೇ ನಗು. ಹಿಂದಿನ ಸಾಲಿನ ನಗು ಕೊಬ್ಬಲ್ಲ, ಮುಜುಗರ. ಹಾಗಾಗಿ ಅವರ ತಲೆಗೆ ಮೊದಲು ಕೆಲಸ ಕೊಡಿ. ಮೈಗೆ ಸಮಯ ಕೊಡಿ.

ಇದು ನಾನು ಪುಸ್ತಕದಿಂದ ಕಲಿತದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ನಾನೂ ನಿಮ್ಮ ಹಾಗೇ ಮೊದಲ ಸಲ ಒಂದು ಕಾಲೇಜಿಗೆ ಹೋದೆ. ಸಿಮೆಂಟ್ ನೆಲದ ಹಾಲ್. ಮೊದಲ ದಿನದಿಂದಲೇ ಎಲ್ಲರನ್ನೂ ಪೂರ್ತಿ ಅರೆಮಂಡಿಯಲ್ಲಿ ಕೂರಿಸಿ ತಟ್ಟಿಸಿದೆ, ನನ್ನ ಗುರುಗಳು ನನಗೆ ಮಾಡಿಸಿದ ಹಾಗೆ. ತಿಂಗಳಾಗುವಷ್ಟರಲ್ಲಿ ಆರು ಜನಕ್ಕೆ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಉದ್ದಕ್ಕೂ ನೋವು. ಚೆನ್ನಾಗಿ ಮಾಡುತ್ತಿದ್ದ ಹುಡುಗಿಯೊಬ್ಬಳು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿಯುವುದನ್ನು ನೋಡಿದೆ. ಮಾರನೇ ವಾರದಿಂದ ಅವಳು ಬರಲಿಲ್ಲ. ತಪ್ಪು ನನ್ನದೇ. ನೋವಾದರೇನೇ ವಿದ್ಯೆ ಹತ್ತುವುದು ಅಂತ ನಂಬಿದ್ದೆ.

ಈಗ ನೆಲದ ಮಾತು. ಸಿಮೆಂಟ್, ಗ್ರಾನೈಟ್, ಟೈಲ್ಸ್ ಮೇಲೆ ಬರಿಗಾಲಲ್ಲಿ ತಟ್ಟಿದರೆ ಪೆಟ್ಟು ನೆಲಕ್ಕೆ ಇಳಿಯಲ್ಲ, ವಾಪಸ್ ಕಾಲಿಗೇ ಬರುತ್ತದೆ. ಕಾಲೇಜಿನಲ್ಲಿ ಮರದ ಹಲಗೆಯ ಸ್ಟೇಜ್ ಇದ್ದರೆ ಪಾಠವನ್ನು ಅಲ್ಲಿಗೇ ಸಾಗಿಸಿ. ಇಪ್ಪತ್ತೇ ಜನ ಹಿಡಿಸಿದರೂ ಪರವಾಗಿಲ್ಲ, ಅರ್ಧ ಜನ ಮೇಲೆ ತಟ್ಟಲಿ, ಅರ್ಧ ಜನ ಕೆಳಗೆ ಕೂತು ತಾಳ ಹಾಕಲಿ. ಸ್ಟೇಜ್ ಇಲ್ಲದಿದ್ದರೆ ಒಂದು ತರಗತಿಯಲ್ಲಿ ಜೋರಾಗಿ ತಟ್ಟುವುದು ಇಪ್ಪತ್ತು ನಿಮಿಷ ದಾಟದಿರಲಿ. ಉಳಿದದ್ದು ಮೆಲ್ಲಗೆ, ಗುರುತಿಗೆ ಮಾತ್ರ. ಜಮಖಾನ ಹಾಸಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳುತ್ತಾರೆ. ಬೇಡ, ಕಾಲು ಜಾರುತ್ತದೆ.

ಬಟ್ಟೆಯ ವಿಷಯ ಒಂದು ಮಾತಲ್ಲಿ ಮುಗಿಸುತ್ತೇನೆ: ಜೀನ್ಸ್ ಹಾಕಿ ಅರೆಮಂಡಿ ಆಗಲ್ಲ. ಸಡಿಲ ಪೈಜಾಮ ಅಥವಾ ಟ್ರ್ಯಾಕ್ ಪ್ಯಾಂಟ್, ದುಪಟ್ಟಾ ಇದ್ದರೆ ಸೊಂಟಕ್ಕೆ ಬಿಗಿದು ಕಟ್ಟಲಿ. ಇನ್ನೊಂದು, ತರಗತಿ ಬೆಳಿಗ್ಗೆ ಇದ್ದರೆ ಅರ್ಧ ಜನ ಏನೂ ತಿನ್ನದೇ ಬಸ್ ಹತ್ತಿರುತ್ತಾರೆ. ಮೊದಲು ಅದನ್ನು ಕೇಳಿ. ನನ್ನ ಚೀಲದಲ್ಲಿ ಒಂದು ಡಬ್ಬಿ ಕಡಲೆಬೆಲ್ಲ ಯಾವಾಗಲೂ ಇರುತ್ತದೆ.

ಅರೆಮಂಡಿಗೆ ಬರೋಣ. ನಿಮ್ಮ ನಾಲ್ಕೈದು ಜನಕ್ಕೆ ಮಂಡಿ ಯಾಕೆ ನೋಯುತ್ತಿದೆ ಅಂತ ನಾನು ನೋಡದೇ ಹೇಳಬಲ್ಲೆ ಅಂದರೆ ಅದು ಜಂಬ. ಆದರೆ ಹತ್ತರಲ್ಲಿ ಎಂಟು ಸಲ ಕಾರಣ ಒಂದೇ. ಪಾದ ಎರಡೂ ಪಕ್ಕಕ್ಕೆ ತಿರುಗಬೇಕು ಅಂತ ನೀವು ಹೇಳಿರುತ್ತೀರಿ. ಅವರು ಪಾದವನ್ನೇ ತಿರುಗಿಸಿ ನೆಲಕ್ಕೆ ಅಂಟಿಸಿರುತ್ತಾರೆ, ತೊಡೆ ಇನ್ನೂ ಮುಂದಕ್ಕೇ ನೋಡುತ್ತಿರುತ್ತದೆ. ಈ ಎರಡರ ನಡುವೆ ಸಿಕ್ಕಿ ತಿರುಚಿಕೊಳ್ಳುವುದು ಮಂಡಿ. ಮಂಡಿ ಬಾಗಿಲಿನ ತಿರುಗಣಿ ಇದ್ದ ಹಾಗೆ, ಮಡಚುವುದಕ್ಕೆ ಇರುವುದು, ತಿರುಚುವುದಕ್ಕಲ್ಲ. ತಿರುಗಬೇಕಾದ್ದು ಸೊಂಟದ ಕೀಲಿನಲ್ಲಿ, ತೊಡೆ ಎಲುಬು ಸೇರುವ ಜಾಗದಲ್ಲಿ.

ಹೀಗೆ ಮಾಡಿಸಿ ನೋಡಿ. ಎಲ್ಲರೂ ಸಮಪಾದದಲ್ಲಿ, ಅಂದರೆ ಎರಡೂ ಪಾದ ಜೋಡಿಸಿ ನೇರವಾಗಿ, ನಿಲ್ಲಲಿ. ಹಿಮ್ಮಡಿ ಊರಿಕೊಂಡು, ಪಾದದ ಮುಂಭಾಗ ಸ್ವಲ್ಪ ಎತ್ತಿ, ತೊಡೆಯಿಂದಲೇ ಹೊರಕ್ಕೆ ತಿರುಗಿಸಲಿ. ಎಲ್ಲಿಯವರೆಗೆ ತಾನಾಗಿ ತಿರುಗಿತೋ ಅಲ್ಲೇ ಪಾದ ಇಳಿಸಲಿ. ಅದೇ ಅವರ ಅಳತೆ. ಈಗ ಮೆಲ್ಲಗೆ ಮಂಡಿ ಬಗ್ಗಿಸಲಿ. ಮೊಣಕಾಲಿನ ಚಿಪ್ಪಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಅದು ಪಾದದ ಎರಡನೇ ಬೆರಳಿನ ನೇರಕ್ಕೆ ಬರಬೇಕು. ಹೆಬ್ಬೆರಳಿನ ಒಳಗಡೆ ಬಿದ್ದರೆ ಪಾದ ಜಾಸ್ತಿ ತಿರುಗಿದೆ ಅಂತ ಅರ್ಥ. ಮೊದಲ ದಿನ ನಾನು ನಿಜವಾಗಿಯೂ ದಾರ, ಕಲ್ಲು ತಗೊಂಡು ಹೋಗುತ್ತೇನೆ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರ ಮಂಡಿಗೆ ಇನ್ನೊಬ್ಬರು ದಾರ ಹಿಡಿಯುತ್ತಾರೆ. ನಗುತ್ತಲೇ ಮಾಡುತ್ತಾರೆ, ಆದರೆ ಜನ್ಮದಲ್ಲಿ ಮರೆಯಲ್ಲ.

ಹದಿನೆಂಟರ ಹೊತ್ತಿಗೆ ಸೊಂಟದ ಎಲುಬಿನ ಆಕಾರ ಹೆಚ್ಚುಕಡಿಮೆ ನಿಂತುಬಿಟ್ಟಿರುತ್ತದೆ. ಸ್ನಾಯು ಸಡಿಲಾದಷ್ಟು ಸ್ವಲ್ಪ ಸುಧಾರಿಸಬಹುದು, ಎಲುಬು ಬದಲಾಗಲ್ಲ. ಕೆಲವರಿಗೆ ಪಾದ ಪೂರ್ತಿ ಪಕ್ಕಕ್ಕೆ ಬರುವುದೇ ಇಲ್ಲ. ಬರದಿದ್ದರೆ ಬೇಡ ಬಿಡಿ. ಅವರೇನೂ ರಂಗಪ್ರವೇಶ ಮಾಡುತ್ತಿಲ್ಲ. ಆಳವೂ ಅಷ್ಟೇ. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ನಾಲ್ಕು ಎಣಿಕೆಗೆ ಇಳಿಯಲಿ, ನಾಲ್ಕು ಎಣಿಕೆ ಅಲ್ಲೇ ಇರಲಿ, ನಾಲ್ಕು ಎಣಿಕೆಗೆ ಏಳಲಿ. ಸೊಂಟ ಹಿಂದಕ್ಕೆ ಚಾಚುವವರನ್ನು ಗೋಡೆಯೇ ತಡೆಯುತ್ತದೆ, ನೀವು ಕೂಗಬೇಕಿಲ್ಲ. ಎಂಟು ಸಲ ಸಾಕು. ತೊಡೆ ಉರಿದರೆ ಸರಿಯಾಗಿದೆ. ಮಂಡಿಯ ಒಳಗೆ ಚುಚ್ಚಿದ ಹಾಗಾದರೆ ಆ ಕ್ಷಣವೇ ನಿಲ್ಲಿಸಲಿ. ಈ ಎರಡು ನೋವಿನ ವ್ಯತ್ಯಾಸವನ್ನು ಅವರ ಬಾಯಲ್ಲೇ ಹೇಳಿಸಿ. ನಿಲ್ಲಿಸಿದ ಮೇಲೂ ವಾರಗಟ್ಟಲೆ ನೋವಿದ್ದರೆ ಡಾಕ್ಟರ ಹತ್ತಿರ ಕಳಿಸಿ, ನಾವು ಎಣ್ಣೆ ಹೇಳುವುದು ಬೇಡ.

ಇನ್ನೊಂದು ಮಾತು, ಇದಕ್ಕೆ ಕೆಲವು ಹಿರಿಯರು ನನ್ನನ್ನು ಬೈಯುತ್ತಾರೆ. ಮೊದಲ ಮೂರು ನಾಲ್ಕು ವಾರ ನಾನು ತಟ್ಟಡವನ್ನು (ಪಾದ ನೆಲಕ್ಕೆ ತಟ್ಟುವ ಮೊದಲ ಅಡವನ್ನು) ಅರೆಮಂಡಿಯಲ್ಲಿ ಮಾಡಿಸುವುದೇ ಇಲ್ಲ. ನಿಂತೇ ತಟ್ಟಿಸುತ್ತೇನೆ. ಅರೆಮಂಡಿ ಬೇರೆ ಅಭ್ಯಾಸ, ತಟ್ಟುವುದು ಬೇರೆ ಅಭ್ಯಾಸ. ಎರಡೂ ಗಟ್ಟಿಯಾದ ಮೇಲೆ ಸೇರಿಸುತ್ತೇನೆ. ಮಕ್ಕಳಿಗೆ ಹೀಗೆ ಮಾಡಿಸಿದರೆ ನಿಂತು ಮಾಡುವ ಚಟ ಅಂಟಿಕೊಳ್ಳುತ್ತದೆ, ನಿಜ. ಅವರ ಮುಂದೆ ಹತ್ತು ವರ್ಷ ಇದೆ. ಇವರ ಮುಂದೆ ಇರುವುದು ಹನ್ನೆರಡು ವಾರ.

ತಟ್ಟುವುದನ್ನು ಕಣ್ಣಿಂದ ತಿದ್ದುವುದಕ್ಕಿಂತ ಕಿವಿಯಿಂದ ತಿದ್ದುವುದು ಸುಲಭ. ಒಬ್ಬೊಬ್ಬರಾಗಿ ನಾಲ್ಕು ಸಲ ತಟ್ಟಲಿ, ಉಳಿದವರು ಕಣ್ಣು ಮುಚ್ಚಿ ಕೇಳಲಿ. ಮೂರು ಬಗೆಯ ಸದ್ದು ಬರುತ್ತದೆ. "ಧಬ್" ಅಂತ ಬಂದರೆ ಇಡೀ ಮೈಭಾರ ಕಾಲಿನ ಜೊತೆ ಬಿದ್ದಿದೆ, ಇವರಿಗೇ ನಾಳೆ ಕಾಲು ನೋಯುವುದು. "ಟಪಟಪ್" ಅಂತ ಎರಡಾಗಿ ಬಂದರೆ ಬೆರಳು ಮೊದಲು, ಹಿಮ್ಮಡಿ ಆಮೇಲೆ ಬಿದ್ದಿದೆ. "ಪಟ್" ಅಂತ ಒಂದೇ ಸದ್ದು ಬಂದರೆ ಇಡೀ ಪಾದ ಒಟ್ಟಿಗೆ ಬಿದ್ದಿದೆ, ಭಾರ ಇನ್ನೊಂದು ಕಾಲಿನ ಮೇಲೇ ಉಳಿದಿದೆ. ಒಂದು ಹತ್ತು ನಿಮಿಷದಲ್ಲಿ ಎಲ್ಲರೂ ಪರೀಕ್ಷಕರಾಗಿಬಿಡುತ್ತಾರೆ. "ಲೋ, ನಿಂದು ಧಬ್ ಕಣೋ" ಅಂತ ಅವರವರೇ ತಿದ್ದಿಕೊಳ್ಳುತ್ತಾರೆ. ಜೋರಾಗಿ ತಟ್ಟಿದವರೇ ಒಳ್ಳೆಯ ಡಾನ್ಸರ್ ಅನ್ನುವ ಭ್ರಮೆಯೂ ಇಲ್ಲೇ ಕಳೆಯುತ್ತದೆ.

ಮೊದಲ ತಟ್ಟಡವಿನಲ್ಲಿ ಬಲಕ್ಕೊಂದು ಎಡಕ್ಕೊಂದು, ಎರಡನೆಯದರಲ್ಲಿ ಒಂದೊಂದು ಕಾಲಿಗೆ ಎರಡೆರಡು, ಮೂರನೆಯದರಲ್ಲಿ ಮೂರು ಮೂರು. ಅಲ್ಲಿಗೇ ನಿಲ್ಲಿಸಿ. ನಾಲ್ಕರಿಂದ ಮುಂದಕ್ಕೆ ಒಂದೊಂದು ಬಾನಿಯಲ್ಲಿ (ಗುರುಪರಂಪರೆಯ ಶೈಲಿಯಲ್ಲಿ) ಒಂದೊಂದು ರೀತಿ, ಅವರಿಗೆ ಆ ಗೊಂದಲ ಬೇಡ. ನೀವು ಎದುರು ನಿಂತು ಮಾಡಿದರೆ ನಿಮ್ಮ ಬಲ ಅವರ ಎಡವಾಗುತ್ತದೆ. ಹೊಸ ಅಡವು ತೋರಿಸುವಾಗ ಅವರಿಗೆ ಬೆನ್ನು ಹಾಕಿ ನಿಲ್ಲಿ. ತಿರುಗಿ ನಿಂತ ಮೇಲೆ ಕನ್ನಡಿಯ ಹಾಗೆ ಎಡಗಾಲಿಂದ ಶುರು ಮಾಡಿ. ನಿಮಗೇ ಒಂದು ವಾರ ಕಷ್ಟ ಆಗುತ್ತದೆ, ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿ.

ಇನ್ನು ತಾಳ. ನನ್ನನ್ನು ಕೇಳಿದರೆ 20 ಗಂಟೆಯಲ್ಲಿ ಎಂಟು ಗಂಟೆ ಇದಕ್ಕೇ ಕೊಡಬೇಕು. ಅರೆಮಂಡಿ ಕಾಲೇಜು ಬಿಟ್ಟ ತಿಂಗಳಿಗೆ ಮರೆತುಹೋಗುತ್ತದೆ. ಕಿವಿಗೆ ಹತ್ತಿದ ಲಯ ಹೋಗಲ್ಲ.

ಆದಿತಾಳದ ಎಂಟು ಅಕ್ಷರ ನಿಮಗೆ ಗೊತ್ತೇ ಇದೆ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು ಹುಸಿ (ಅಂಗೈ ಮೇಲಕ್ಕೆ ತಿರುಗಿಸುವುದು), ಪೆಟ್ಟು ಹುಸಿ. ಇದನ್ನು ಹೇಳಿಕೊಡಲು ಹತ್ತು ನಿಮಿಷ ಸಾಕು. ಕಷ್ಟ ಇರುವುದು ತಾಳದ ಜಾತಿಗಳಲ್ಲಿ, ಅಂದರೆ ಅಕ್ಷರಗಳ ಗುಂಪುಗಳಲ್ಲಿ. ತಿಶ್ರಕ್ಕೆ ಮೂರು, ಚತುರಶ್ರಕ್ಕೆ ನಾಲ್ಕು, ಖಂಡಕ್ಕೆ ಐದು, ಮಿಶ್ರಕ್ಕೆ ಏಳು, ಸಂಕೀರ್ಣಕ್ಕೆ ಒಂಬತ್ತು ಅಂತ ಬೋರ್ಡಿನ ಮೇಲೆ ಬರೆದರೆ ನೋಟ್ಸ್ ಮಾಡಿಕೊಳ್ಳುತ್ತಾರೆ ಅಷ್ಟೇ. ನಾನು ಊರಿನ ಹೆಸರು ಹೇಳಿಸುತ್ತೇನೆ. ಮೈಸೂರು ಅಂದರೆ ಮೂರಕ್ಷರ, ತಕಿಟ. ಬೆಂಗಳೂರು ನಾಲ್ಕು, ತಕಧಿಮಿ. ಅರಸೀಕೆರೆ ಐದು, ತಕ ತಕಿಟ. ಚಾಮರಾಜನಗರ ಏಳು, ತಕಿಟ ತಕಧಿಮಿ. "ಚಾಮರಾ ಜನಗರ" ಅಂತ ಒಡೆದು ಹೇಳುವಾಗ ಆ ಜಿಲ್ಲೆಯವರು ಬೇಜಾರು ಮಾಡಿಕೊಳ್ಳಬಾರದು. ಒಂಬತ್ತಕ್ಕೆ ಯಾವ ಊರು ಅಂತ ಹುಡುಕುತ್ತಿದ್ದಾಗ ಒಬ್ಬ ಹುಡುಗ ಎದ್ದು, "ಮೇಡಂ, ಬೆಂಗಳೂರು ಅರಸೀಕೆರೆ, ರೈಲಿದೆ" ಅಂದ. ನಾಲ್ಕು ಮತ್ತು ಐದು ಒಂಬತ್ತು. ತಕಧಿಮಿ ತಕತಕಿಟ. ಅವತ್ತಿಂದ ನನ್ನ ತರಗತಿಯಲ್ಲಿ ಸಂಕೀರ್ಣ ಜಾತಿಗೆ ಅದೇ ಟಿಕೆಟ್. ನಿಮ್ಮ ಊರಿನ ಸುತ್ತಮುತ್ತಲಿನ ಹೆಸರುಗಳನ್ನು ಅವರೇ ಹುಡುಕಲಿ. ನಡೆಯುತ್ತಾ ಹೇಳಲಿ, ಒಂದಕ್ಷರಕ್ಕೆ ಒಂದು ಹೆಜ್ಜೆ, ಹೆಸರಿನ ಮೊದಲಕ್ಷರಕ್ಕೆ ಚಪ್ಪಾಳೆ. ಮೈಸೂರು, ಅರಸೀಕೆರೆ, ಚಾಮರಾಜನಗರದಲ್ಲಿ ಚಪ್ಪಾಳೆ ಒಮ್ಮೆ ಬಲಗಾಲಿಗೆ, ಮುಂದಿನ ಸಲ ಎಡಗಾಲಿಗೆ ಬೀಳುತ್ತದೆ. ಬೆಂಗಳೂರಿನಲ್ಲಿ ಯಾವಾಗಲೂ ಒಂದೇ ಕಾಲಿಗೆ. ಯಾಕೆ ಅಂತ ಅವರನ್ನೇ ಕೇಳಿ.

ಆಮೇಲೆ ಕೋಲಾಟ. ಭರತನಾಟ್ಯದ ತರಗತಿಯಲ್ಲಿ ಕೋಲಾಟ ಯಾಕೆ ಅಂತ ನೀವು ಹುಬ್ಬೇರಿಸಬಹುದು. ಹುಡುಗರ ನಗು ನಿಲ್ಲಿಸುವುದಕ್ಕೆ ನನಗೆ ಸಿಕ್ಕ ಮದ್ದು ಅದೊಂದೇ. ಕೈಯಲ್ಲಿ ಕೋಲಿದ್ದರೆ ಕೈ ಏನು ಮಾಡಬೇಕು ಅನ್ನುವ ಮುಜುಗರ ಇರಲ್ಲ. ಎದುರಿಗೆ ಜೊತೆಗಾರ ಇರುತ್ತಾನೆ, ತಪ್ಪಿದರೆ ಬೆರಳಿಗೆ ಬೀಳುತ್ತದೆ, ಹಾಗಾಗಿ ಲಯ ತಾನಾಗಿ ಬರುತ್ತದೆ. ಹಳ್ಳಿಯಿಂದ ಬಂದ ಎಷ್ಟೋ ಮಕ್ಕಳಿಗೆ ಕೋಲಾಟ, ಡೊಳ್ಳು, ಕಂಸಾಳೆ ಮನೆಯ ಮಾತು. ಕರಾವಳಿ, ಮಲೆನಾಡಿನವರಾದರೆ ಯಕ್ಷಗಾನ ನೋಡಿಯೇ ಬೆಳೆದಿರುತ್ತಾರೆ. ಮಂಡ್ಯ ಕಡೆಯ ಹುಡುಗನೊಬ್ಬ ಐದು ವಾರ ತಟ್ಟಡವಿನಲ್ಲಿ ಒಮ್ಮೆಯೂ ಸರಿಯಾಗಿ ಎಡಗಾಲು ಹಾಕಿರಲಿಲ್ಲ. ಕೋಲು ಕೈಗೆ ಕೊಟ್ಟ ದಿನ ಇಡೀ ಸುತ್ತನ್ನು ಅವನೇ ನಡೆಸಿದ. ಆಮೇಲೆ ತಟ್ಟಡವೂ ಬಂತು. ಯಾಕೆ ಅಂದರೆ ಆಗ ಉಳಿದವರು ಅವನನ್ನು ನೋಡುವ ರೀತಿ ಬದಲಾಗಿತ್ತು.

ಸಾಲುಗಳನ್ನೂ ಪ್ರತಿ ತರಗತಿಗೆ ತಿರುಗಿಸಿ. ಇವತ್ತಿನ ಹಿಂದಿನ ಸಾಲು ನಾಳೆ ಮುಂದೆ. ಯಾರಿಗೂ ಖಾಯಂ ಜಾಗ ಇರಬಾರದು. ಗಂಡಸರು ಭರತನಾಟ್ಯ ಮಾಡುತ್ತಾರಾ ಅಂತ ಯಾರಾದರೂ ಕೇಳಿದರೆ ಯು. ಎಸ್. ಕೃಷ್ಣರಾವ್ ಅವರ ವಿಷಯ ಹೇಳಿ. ಬೆಂಗಳೂರಿನಲ್ಲಿ ಕೆಮಿಸ್ಟ್ರಿ ಪ್ರೊಫೆಸರ್ ಆಗಿದ್ದವರು. ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಹತ್ತಿರ ಕಲಿತು, ಹೆಂಡತಿ ಚಂದ್ರಭಾಗಾದೇವಿಯವರ ಜೊತೆ ದೇಶ ವಿದೇಶಗಳಲ್ಲಿ ಕುಣಿದರು. ಬಿ.ಎಸ್ಸಿ. ಹುಡುಗರು ಇದನ್ನು ಕೇಳಿ ತಲೆ ಎತ್ತುತ್ತಾರೆ.

ಇತಿಹಾಸಕ್ಕೆ ಪ್ರತ್ಯೇಕ ತರಗತಿ ಬೇಡ. ಕಾಲು ದಣಿದು ಕೂತಾಗ ಹತ್ತು ಹತ್ತು ನಿಮಿಷ ಹೇಳಿ. ಮುಂದೆ ಭರತನಾಟ್ಯವಾದ, ಆಗ ಸದಿರ್ ಅಂತ ಕರೆಯುತ್ತಿದ್ದ ಕುಣಿತ ದೇವದಾಸಿಯರ ಮನೆಗಳಲ್ಲಿ ಬೆಳೆದದ್ದು, ಅವರು ದೂರ ಸರಿಯಬೇಕಾಗಿ ಬಂದದ್ದು, ಮದ್ರಾಸಿನಲ್ಲಿ 1947ರಲ್ಲಿ ದೇವದಾಸಿ ಪದ್ಧತಿ ನಿಲ್ಲಿಸುವ ಕಾನೂನು ಬಂದದ್ದು, ಅದಕ್ಕೂ ಮೊದಲೇ 1936ರಲ್ಲಿ ರುಕ್ಮಿಣಿದೇವಿ ಕಲಾಕ್ಷೇತ್ರ ಅನ್ನುವ ನೃತ್ಯಶಾಲೆ ಕಟ್ಟಿದ್ದು. ಇದನ್ನು ಮುಚ್ಚಿಡಬೇಡಿ. ಹದಿನೆಂಟರವರು ಮಕ್ಕಳಲ್ಲ. ನಮ್ಮ ಮೈಸೂರಿನ ಕಥೆಯನ್ನೂ ಹೇಳಿ. ಭರತನಾಟ್ಯದ ಪಾಠಕ್ರಮ ರೂಪಿಸಿದ ತಂಜಾವೂರು ಸಹೋದರರು ನಾಲ್ವರಲ್ಲಿ ಚಿನ್ನಯ್ಯ ಮೈಸೂರಿನ ಆಸ್ಥಾನಕ್ಕೆ ಬಂದವರು. ಜಟ್ಟಿ ತಾಯಮ್ಮ ಅಭಿನಯಕ್ಕೆ ಹೆಸರಾದವರು. ಅವರ ಶಿಷ್ಯೆ ವೆಂಕಟಲಕ್ಷಮ್ಮ ಅರಮನೆಯಿಂದ ಮೈಸೂರು ವಿಶ್ವವಿದ್ಯಾನಿಲಯದ ನೃತ್ಯ ವಿಭಾಗಕ್ಕೆ ಬಂದು ಪಾಠ ಹೇಳಿದರು, 1992ರಲ್ಲಿ ಪದ್ಮಭೂಷಣ ಬಂತು. ಕಾಲೇಜಿನಲ್ಲಿ ನೃತ್ಯ ಕಲಿಸುವ ನಾವೆಲ್ಲ ಒಂಥರಾ ಅವರ ಹಿಂದೆ ನಡೆಯುತ್ತಿರುವವರು.

ಹಸ್ತಕ್ಕೆ ಬರೋಣ. "ಪತಾಕಸ್ತ್ರಿಪತಾಕೋರ್ಧಪತಾಕಃ" ಅಂತ ಶ್ಲೋಕ ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಚೆಂದ, ಅವರಿಗೆ ಹಾಡಿನ ಹಾಗೆ ಬರುತ್ತದೆ. ಇವರಿಗೆ ಎಂಟು ಸಾಕು: ಪತಾಕ (ಬೆರಳೆಲ್ಲ ಜೋಡಿಸಿ ಚಾಚಿದ ಅಂಗೈ), ತ್ರಿಪತಾಕ, ಅರ್ಧಚಂದ್ರ, ಮುಷ್ಟಿ, ಶಿಖರ, ಕಟಕಾಮುಖ, ಅಲಪದ್ಮ, ಹಂಸಾಸ್ಯ. ಅಡವಿಗೂ ಕಥೆಗೂ ಇದರಲ್ಲೇ ಬೇಕಾದಷ್ಟು ಸಿಗುತ್ತದೆ. ತ್ರಿಪತಾಕದಲ್ಲಿ ಉಂಗುರ ಬೆರಳು ಬಗ್ಗಿಸಿದರೆ ಕಿರುಬೆರಳೂ ಜೊತೆಗೆ ಬಗ್ಗಿಬಿಡುತ್ತದೆ, ಎಲ್ಲರಿಗೂ. ಬಸ್ಸಲ್ಲಿ ಕೂತಾಗ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅಭ್ಯಾಸ ಮಾಡಲಿ.

ಅಭಿನಯದರ್ಪಣ ಅನ್ನುವ ಹಳೆಯ ಶಾಸ್ತ್ರಗ್ರಂಥದಲ್ಲಿ ಪತಾಕಕ್ಕೆ ಮೋಡ, ಕಾಡು, ಬೇಡ ಅನ್ನುವುದು, ನದಿ, ರಾತ್ರಿ ಅಂತ ಉದ್ದ ಪಟ್ಟಿ ಇದೆ. ನಾನು ಅದರಲ್ಲಿ ಐದು ಓದಿ ನಿಲ್ಲಿಸುತ್ತೇನೆ. ಆಮೇಲೆ ಒಂದು ಕೆಲಸ ಕೊಡುತ್ತೇನೆ: ಬಸ್ ತಪ್ಪಿದ ಕಥೆ, ಮಾತಿಲ್ಲದೆ, ಮೂರೇ ಹಸ್ತ, ಒಂದು ನಿಮಿಷ. ಒಮ್ಮೆ ಒಬ್ಬಳು ಮಾಡಿದ್ದು ಇನ್ನೂ ಕಣ್ಣ ಮುಂದಿದೆ. ಪತಾಕ ಎತ್ತಿ ಬಸ್ ನಿಲ್ಲಿಸಲು ಕೈ ತೋರಿಸಿದಳು. ಬಸ್ ನಿಲ್ಲಲಿಲ್ಲ. ಕೈ ಹಾಗೇ ಮೇಲೆ ಇತ್ತು, ಕಣ್ಣು ಮಾತ್ರ ಎಡದಿಂದ ಬಲಕ್ಕೆ ಬಸ್ಸಿನ ಹಿಂದೆ ಹೋಯಿತು. ಆಮೇಲೆ ಅದೇ ಪತಾಕ ಮೆಲ್ಲಗೆ ತಿರುಗಿ ಹಣೆಗೆ ಬಂತು, ಬಿಸಿಲಿಗೆ ಅಡ್ಡ. ಅಷ್ಟೇ. ಎರಡನೇ ಹಸ್ತ ಬೇಕೇ ಆಗಲಿಲ್ಲ. ಕೈ ಹೋದ ಕಡೆ ಕಣ್ಣು ಹೋಗಬೇಕು, "ಯತೋ ಹಸ್ತಸ್ತತೋ ದೃಷ್ಟಿಃ" ಅನ್ನುತ್ತೇವಲ್ಲ, ಅವಳ ಕಣ್ಣು ಕೈ ಬಿಟ್ಟು ಬಸ್ಸಿನ ಹಿಂದೆ ಹೋಗಿತ್ತು. ಸೂತ್ರದ ಪ್ರಕಾರ ತಪ್ಪು. ನಾನು ತಿದ್ದಲಿಲ್ಲ.

ಮುಖದ ಅಭಿನಯಕ್ಕೆ ನೇರವಾಗಿ ನವರಸ ಅಂತ ಹೋಗಬೇಡಿ. "ಶೃಂಗಾರ ತೋರಿಸಿ" ಅಂದರೆ ತರಗತಿ ಮುಗಿದ ಹಾಗೆ. ಕಣ್ಣಿನಿಂದ ಶುರು ಮಾಡಿ. ಎಂಟು ದೃಷ್ಟಿಗಳಲ್ಲಿ ಸಾಚಿ, ಅಂದರೆ ಓರೆಗಣ್ಣಿನ ನೋಟ, ಅವರಿಗೆ ಆಗಲೇ ಬರುತ್ತದೆ. ಪರೀಕ್ಷಾ ಹಾಲಿನಲ್ಲಿ ಪಕ್ಕದವರ ಪೇಪರ್ ನೋಡಿ ಅಂದರೆ ಸಾಕು.

ಎರಡು ಸೂಕ್ಷ್ಮ ವಿಷಯ. ನೀವು ಕೇಳಿಲ್ಲ, ಆದರೂ ಹೇಳಬೇಕು. ಮನೆಯಲ್ಲಿ ಮಗುವಿನ ಮಂಡಿ ಹಿಡಿದು ತಿರುಗಿಸುತ್ತೀರಿ, ಸೊಂಟ ಒತ್ತಿ ನೇರ ಮಾಡುತ್ತೀರಿ. ಇಲ್ಲಿ ಕೇಳದೇ ಯಾರನ್ನೂ ಮುಟ್ಟಬೇಡಿ. ದಾರ, ಗೋಡೆ, ತಟ್ಟುವ ಕೋಲು ಇವೇ ನಿಮ್ಮ ಕೈ. ವಿಡಿಯೊ ಮಾಡಿಕೊಳ್ಳುವುದಾದರೆ ಮೊಣಕಾಲಿನಿಂದ ಕೆಳಗೆ ಮಾತ್ರ, ಅವರವರ ಫೋನಿನಲ್ಲೇ. ಮುಖ ಇಲ್ಲದಿದ್ದರೆ ಯಾರೂ ಸ್ಟೇಟಸ್‌ಗೆ ಹಾಕಲ್ಲ. ಇನ್ನೊಂದು ನಮಸ್ಕಾರದ ವಿಷಯ. ಭೂಮಿನಮಸ್ಕಾರ ಹೇಳಿಕೊಡಿ. ಇಷ್ಟು ಹೊತ್ತು ತುಳಿಯುತ್ತೇವೆ, ಕ್ಷಮಿಸು ಅಂತ ನೆಲಕ್ಕೆ ಕೇಳುವುದು ಅಂತ ಅರ್ಥ ಹೇಳಿ. ತಮ್ಮ ನಂಬಿಕೆಯ ಕಾರಣಕ್ಕೆ ಬೇಡ ಅನ್ನುವವರು ಸುಮ್ನೆ ನಿಂತುಕೊಳ್ಳಲಿ. ಯಾಕೆ ಅಂತ ಎಲ್ಲರ ಎದುರು ಕೇಳಬೇಡಿ. ಕಲಿಯುವುದಕ್ಕೆ ಬಂದಿದ್ದಾರಲ್ಲ, ಅದು ಮುಖ್ಯ.

ಈಗ ನಿಮ್ಮ ಪ್ರಿನ್ಸಿಪಾಲರ ಐಟಂ. ಇಲ್ಲ ಅನ್ನಬೇಡಿ, ಅನ್ನಲಿಕ್ಕೆ ಆಗುವುದೂ ಇಲ್ಲ. ಆದರೆ ಸಿನಿಮಾ ಹಾಡು ಹಾಕಿ ಕೊನೆಯ ನಾಲ್ಕು ವಾರ ಅದಕ್ಕೇ ತಿನ್ನಿಸಬೇಡಿ. ಕಲಿತದ್ದರಲ್ಲೇ ನಾಲ್ಕು ನಿಮಿಷ ಮಾಡಬಹುದು. ಮೊದಲು ಎಲ್ಲರೂ ಊರಿನ ಹೆಸರು ಹೇಳುತ್ತಾ ನಡೆದು ಬರಲಿ, ಜಾತಿಗಳು ಒಂದೊಂದಾಗಿ ಕೇಳಲಿ. ಅಲ್ಲಿಂದ ಕೋಲಾಟದ ಸುತ್ತು. ಕೋಲು ಕೆಳಗಿಟ್ಟು ತಟ್ಟಡವು ಎರಡು ಕಾಲದಲ್ಲಿ, ಆಮೇಲೆ "ತೈಯುಂ ದತ್ತ ತೈಯುಂ ತಾ" ಅಂತ ನಾಟ್ಟಡವು (ಕಾಲು ಚಾಚಿ ಹಿಮ್ಮಡಿ ಊರುವ ಅಡವು). ಬಸ್ಸಿನ ಕಥೆ ಇಬ್ಬರು ಮಾಡಲಿ. ಕೊನೆಗೆ ತೀರ್ಮಾನ, ಅಂದರೆ ಮೂರು ಸಲ ಬಂದು ಮುಗಿಸುವ ಹೆಜ್ಜೆಗಳ ಗುಂಪು.

ತೀರ್ಮಾನವನ್ನು ಬೋರ್ಡಿನ ಮೇಲೆ ಲೆಕ್ಕವಾಗಿ ಕೊಡಿ, ಅವರಿಗೆ ಖುಷಿಯಾಗುತ್ತದೆ. "ತದಿಗಿಣತೋಂ" ಐದಕ್ಷರ. ಮೂರು ಸಲ ಹೇಳಿದರೆ ಹದಿನೈದು. ಆದಿತಾಳ ಎರಡು ಆವರ್ತನಕ್ಕೆ ಹದಿನಾರು. ಒಂದು ಉಳಿಯಿತು. ಅದನ್ನು ಎಲ್ಲಿಡುತ್ತೀರಿ? ಮೊದಲಕ್ಷರ ಖಾಲಿ ಬಿಟ್ಟು ಎರಡರಲ್ಲಿ ಎತ್ತಿಕೊಂಡರೆ ಮೂರನೇ ತೋಂ ಹದಿನಾರಕ್ಕೆ ಬೀಳುತ್ತದೆ, ಮುಂದಿನ ಹೆಜ್ಜೆ ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ. ಮೊದಲು ಕೈಯಲ್ಲಿ ತಾಳ ಹಾಕಿ ಬಾಯಲ್ಲಿ ಹೇಳಲಿ. ಆಮೇಲೆ ಕಾಲಿಗೆ ಒಂದಕ್ಷರಕ್ಕೆ ಒಂದು ಪೆಟ್ಟು. ಐದು ಬೆಸಸಂಖ್ಯೆ ಆದ್ದರಿಂದ ಮೊದಲನೆಯದು ಬಲಗಾಲಿಂದ ಶುರುವಾದರೆ ಎರಡನೆಯದು ಎಡಗಾಲಿಂದ. ಇಲ್ಲಿ ಇಡೀ ತರಗತಿ ಎಡವುತ್ತದೆ. ಒಂದು ಗಂಟೆ ಹೋದರೂ ಹೋಗಲಿ. 38 ಜೊತೆ ಕಾಲು ಆ ಕೊನೆಯ ತೋಂಗೆ ಒಟ್ಟಿಗೆ ಬಿದ್ದ ದಿನ ನೀವೇ ನನಗೆ ಫೋನ್ ಮಾಡಬೇಕು ಅನ್ನಿಸುತ್ತದೆ.

ಅಂಕದ ಬಗ್ಗೆ ಕೇಳಿಲ್ಲ, ಆದರೆ ಸೆಮಿಸ್ಟರ್ ಕೊನೆಗೆ ಅದೇ ತಲೆನೋವು. ಅರೆಮಂಡಿಯ ಆಳಕ್ಕೆ ಅಂಕ ಇಡಬೇಡಿ, ಅದು ಸೊಂಟದ ಎಲುಬಿಗೆ ಅಂಕ ಕೊಟ್ಟ ಹಾಗೆ. ಮೂರನ್ನು ನೋಡಿ: ತಾಳ ಹಾಕುತ್ತಾ ಸೊಲ್ಲುಕಟ್ಟು (ತಕಿಟ, ತಕಧಿಮಿಯಂಥ ಲಯದ ಅಕ್ಷರಗಳು) ಹೇಳಲು ಬರುತ್ತದಾ, ಹೇಳುತ್ತಾ ತಟ್ಟಲು ಬರುತ್ತದಾ, ಪಕ್ಕದವರ ತಪ್ಪನ್ನು ಗುರುತಿಸಿ ಹೇಳಲು ಬರುತ್ತದಾ. ಮೂರನೆಯದಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಇದರಲ್ಲಿ ಒಬ್ಬಿಬ್ಬರು ಮುಂದಕ್ಕೂ ಕಲಿಯುತ್ತೇನೆ ಅಂತ ನಿಮ್ಮ ಮನೆಗೇ ಬರುತ್ತಾರೆ. ಬಂದರೆ ನೃತ್ಯದ ಜೂನಿಯರ್ ಪರೀಕ್ಷೆಯ ಮಾತು ಮೊದಲ ವರ್ಷ ಎತ್ತಬೇಡಿ, ಏಳು ವರ್ಷದ ಮಕ್ಕಳ ಬ್ಯಾಚಿನಲ್ಲೂ ನಿಲ್ಲಿಸಬೇಡಿ. ಸಂಜೆ ಬೇರೆ ಸಮಯ ಕೊಡಿ.

ಬರುವ ವಾರಕ್ಕೆ ದಾರ, ಸಣ್ಣ ಕಲ್ಲು, ಇಪ್ಪತ್ತು ಜೊತೆ ಕೋಲು. ಕೋಲನ್ನು ಕಾಲೇಜಿನವರ ಹತ್ತಿರವೇ ತರಿಸಿ, ಸ್ಪೋರ್ಟ್ಸ್ ಖರ್ಚಿನಲ್ಲಿ ಬರೆಸಿದರೆ ಬೇಗ ಸಿಗುತ್ತದೆ.